ವಿನ್ನಿಪೆಗ್ಗಿನ ಹನ್ನೆರಡು ಗಂಟೆ

ಓರೆಸ್ಟ್ ಡುಬಿಕ್‌ನ ಗ್ರಹಚಾರ ಶುರುವಾದದ್ದು ಒಂದು ವಿಮಾನ ಟಿಕೆಟ್ಟಿನಿಂದ. ಒಂಬತ್ತಕ್ಕೆ ನಮ್ಮೂರು ರಿಜೈನಾ ಬಿಟ್ಟು ಹನ್ನೊಂದು ಹತ್ತಕ್ಕೆ ಪಕ್ಕದ ಪ್ರಾಂತ್ಯದ ವಿನ್ನಿಪೆಗ್ ಸೇರುತ್ತದೆ ಅಂತ ಅದರಲ್ಲಿತ್ತು. ಶನಿವಾರ ಬೆಳಿಗ್ಗೆ ಆರಕ್ಕೆ, ದಿನಾ ಹರಟೆಗೆ ಕೂರುವ ಕಾಫಿ ಮೇಜಿನಲ್ಲಿ ಅದನ್ನು ತೋರಿಸಿದ್ದೇ ತಪ್ಪಾಯಿತು.

"ಐನೂರ ಮೂವತ್ತು ಕಿಲೋಮೀಟರಿಗೆ ಎರಡು ಗಂಟೆ ಹತ್ತು ನಿಮಿಷಾನಾ?" ಅಂದ ಮೆರ್ವಿನ್, ಜೀವಮಾನವೆಲ್ಲ ಲಾರಿ ಓಡಿಸಿದವನು. "ಅದೇನು ಹಾರತ್ತೋ, ಹೊಲ ಉಳತ್ತೋ? ಸುಮ್ನೆ ನನ್ನ ಕಾರು ಹತ್ತು, ಆರೂವರೆಗೆ ಹೊರಟ್ರೆ ಐದೂವರೆ ಗಂಟೇಲಿ, ಹನ್ನೆರಡಕ್ಕೆ ಸರಿಯಾಗಿ ಬಿಡ್ತೀನಿ."

ಅದೇ ಮೇಜಿನ ಇನ್ನೊಬ್ಬ ಗೆಳೆಯ ಬೊಹ್ದಾನ್‌ಗೆ ಗಾಳಿಯ ಚಿಂತೆ. ಪಡುವಣ ಗಾಳಿ ಹಿಂದಿನಿಂದ ನೂಕುವಾಗ ಇಷ್ಟು ಹೊತ್ತು ಹಿಡಿಯಲಿಕ್ಕೆ ಸಾಧ್ಯವೇ ಇಲ್ಲವೆಂದು ಲೆಕ್ಕ ಹಾಕಿ ತೋರಿಸಿದ.

ಕಾಫಿ ಸುರಿಯುತ್ತಿದ್ದ ಲವೆರ್ನ್‌ಗೆ ತಡೆಯಲಾಗಲಿಲ್ಲ. "ಹಾರೋದು ಒಂದು ಗಂಟೆ ಹತ್ತು ನಿಮಿಷಾನೇ ಕಣ್ರಯ್ಯಾ. ಬೇಸಿಗೇಲಿ ವಿನ್ನಿಪೆಗ್ಗಿನವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರೆ, ನಾವು ತಿರುಗಿಸಲ್ಲ. ಮರೆತ್ರಾ?"

ಮರೆತಿದ್ದರು. ಗಡಿಯಾರ ಮುಟ್ಟದಿರುವುದು ನಮ್ಮೂರಿನವರ ಹೆಮ್ಮೆ; ಪಕ್ಕದವರು ಮುಟ್ಟುತ್ತಾರೆ ಅನ್ನುವುದು ತಲೆಯಲ್ಲಿ ನಿಲ್ಲುವುದಿಲ್ಲ.

ಓರೆಸ್ಟ್ ಟಿಕೆಟ್ಟನ್ನು ಕಿತ್ತುಕೊಂಡು ಮತ್ತೆ ನೋಡಿದ. ಹೋದ ಬೇಸಿಗೆಯಲ್ಲಿ ಇದೇ ತಪ್ಪು ಮಾಡಿ, ವಿನ್ನಿಪೆಗ್ಗಿನ ಗೆಳತಿ ಡೊರೀನಳ ಹುಟ್ಟುಹಬ್ಬದ ಊಟಕ್ಕೆ ತಟ್ಟೆ ತೊಳೆಯುವ ಹೊತ್ತಿಗೆ ಹೋಗಿ ನಿಂತಿದ್ದ. ಅವನು ಹೆಂಡತಿ ಕಳೆದುಕೊಂಡವನು, ಅವಳು ಗಂಡನನ್ನು. ವರ್ಷವಿಡೀ ಗೋಗರೆದ ಮೇಲೆ ಅವಳು ಕರಗಿದ್ದಳು: ಈ ಶನಿವಾರ ಹನ್ನೆರಡಕ್ಕೆ, ಪಿರೋಗಿ ಅನ್ನುವ ಆಲೂಗಡ್ಡೆ ಕಡುಬಿನ ಹೋಟೆಲಿನಲ್ಲಿ ಊಟ, ತಪ್ಪಿದರೆ ಇನ್ನು ಮುಖ ತೋರಿಸಬೇಡ. ಅವನ ಜೇಬಿನಲ್ಲಿ ಉಂಗುರವಿತ್ತು.

ಹೊರಡುವಾಗ ಮೆರ್ವಿನ್ ಅವನ ಕೈಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದ. ಮೆರ್ವಿನ್ನನ ಮೇಲೆ ನಂಬಿಕೆಯಿಲ್ಲದ ಬೊಹ್ದಾನ್ ಇನ್ನೊಂದು ಗಂಟೆ ತಿರುಗಿಸಿದ. ವಿಮಾನ ಇಳಿದಾಗ ಗಡಿಯಾರದಲ್ಲಿ ಹನ್ನೆರಡು ದಾಟಿದ್ದು ಕಂಡು ಓರೆಸ್ಟ್ ಕಂಗಾಲಾಗಿ ಓಡಿದ. ಟ್ಯಾಕ್ಸಿಯವನು ಸರಿಯಾದ ಹೊತ್ತು ಹೇಳಿದ ಮೇಲೇ ಹೋದ ಜೀವ ಬಂತು.

ಹೋಟೆಲಿಗೆ ಕಾಲಿಟ್ಟಾಗ ಸರಿಯಾಗಿ ಹನ್ನೆರಡು. ಡೊರೀನ್ ಇಲ್ಲ. ಕಾಯುತ್ತಾ ಒಂದು ತಟ್ಟೆ ಪಿರೋಗಿ ತಿಂದ. ಸಂಕಟಕ್ಕೆ ಇನ್ನೊಂದು ತಿಂದ. ಮುಕ್ಕಾಲು ಗಂಟೆಯಲ್ಲಿ ಬಾರದ ಹೆಂಗಸು ಬರುವುದೇ ಇಲ್ಲ, ಮರ್ಯಾದೆಯಿಂದ ಎದ್ದು ಬಾ ಅಂತ ಬೊಹ್ದಾನ್ ಹೇಳಿ ಕಳಿಸಿದ್ದ. ಹನ್ನೆರಡು ಐವತ್ತಕ್ಕೆ ಓರೆಸ್ಟ್ ಎದ್ದ. ಅಳು ಬರುವಂತಿತ್ತು.

ಸಂಜೆ ಮನೆಗೆ ಬಂದು ಬೂಟು ಬಿಚ್ಚುತ್ತಿದ್ದಾಗ ಫೋನು ಹೊಡೆದುಕೊಂಡಿತು.

"ಹೋಟೆಲಿನವನು ಎಲ್ಲಾ ಹೇಳಿದ," ಅಂದಳು ಡೊರೀನ್. "ಈ ಮನುಷ್ಯ ಸತ್ತರೂ ಗಡಿಯಾರ ಮುಟ್ಟಲ್ಲ, ನಾನೇ ಸೋಲ್ತೀನಿ ಅಂತ ನಿಮ್ಮೂರಿನ ಹನ್ನೆರಡಕ್ಕೇ, ಅಂದ್ರೆ ನಮ್ಮ ಒಂದಕ್ಕೆ, ಬಂದೆ ಕಣೋ. ಇನ್ನು ಹತ್ತು ನಿಮಿಷ ಕೂತಿರೋಕೆ ಏನಾಗಿತ್ತು ನಿಂಗೆ?"

ಮೆರ್ವಿನ್ನನ ಕಾರು ಹತ್ತಿ ನಮ್ಮೂರಿನ ಹನ್ನೆರಡಕ್ಕೆ ಸೇರಿದ್ದರೂ ಕೆಲಸ ಕೆಡುತ್ತಿರಲಿಲ್ಲ ಅಂತ ಓರೆಸ್ಟನಿಗೆ ಆಗ ಹೊಳೆಯಿತು. ಬಾಯಿ ಬಿಡುವಷ್ಟರಲ್ಲಿ ಅವಳೇ ಅಂದಳು:

"ಹೋಗ್ಲಿ, ಬರೋ ಶನಿವಾರ ಹನ್ನೆರಡಕ್ಕೆ ಬಾ. ಈ ಸಲ ತಪ್ಪಿದ್ರೆ ಅಲ್ಲಿಗೆ ಮುಗೀತು, ತಿಳ್ಕೋ."

"ಆಗಲಿ, ಆಗಲಿ," ಅಂದ ಓರೆಸ್ಟ್, ಕಣ್ಣೊರೆಸಿಕೊಂಡು. "ಅದು ಯಾರ ಹನ್ನೆರಡು, ಡೊರೀನ್?"

ಅವಳು ಆಗಲೇ ಫೋನಿಟ್ಟಿದ್ದಳು.