ಕಪಾಟಿಗೆ ಅಂಟಿಸಿದ ಒಗಟು

ಕೆಮಿಸ್ಟ್ರಿ ಮೇಷ್ಟರ ಮರೆವು ಶಾಲೆಗೆಲ್ಲ ಗೊತ್ತಿದ್ದದ್ದೇ. ಒಮ್ಮೆ ಸೈಕಲ್ಲಿನಲ್ಲಿ ಬಂದು, ಸಂಜೆ ನಡೆದು ಮನೆಗೆ ಹೋಗಿ, ಸೈಕಲ್ ಕಳುವಾಯಿತೆಂದು ಬೀದಿಯನ್ನೆಲ್ಲ ಎಬ್ಬಿಸಿದ ಮಹಾನುಭಾವರು ಅವರು. ಹಾಗಾಗಿ ಪ್ರಶ್ನೆಪತ್ರಿಕೆಯ ಕಪಾಟಿನ ಬೀಗದ ಕೈಯನ್ನು ಬಚ್ಚಿಟ್ಟಾಗ, ಅದು ಎಲ್ಲಿದೆ ಎಂಬುದನ್ನು ಒಗಟು ಮಾಡಿ ಕಪಾಟಿನ ಬಾಗಿಲಿಗೇ ಅಂಟಿಸಿದರು. ನಾಲ್ಕು ಪ್ರಶ್ನೆ, ನಾಲ್ಕು ಧಾತು. ಆ ಧಾತುಗಳ ಇಂಗ್ಲಿಷ್ ಸಂಕೇತಗಳನ್ನು ಸಾಲಾಗಿ ಓದಿದರೆ ಜಾಗ ಗೊತ್ತಾಗುತ್ತದೆ.

"ಮಕ್ಕಳು ಬಿಡಿಸಿಬಿಟ್ರೆ?" ಎಂದು ಗಣಿತದ ಮೇಡಂ ಕೇಳಿದ್ದರು.

"ಅವರಿಗೆ ಪಾಠ ಮಾಡಿದ್ದು ನಾನೇ ಅಲ್ವಾ ಮೇಡಂ. ಆ ಭಯ ಇಲ್ಲ."

ಪರೀಕ್ಷೆಯ ಬೆಳಿಗ್ಗೆ ಬೀಗದ ಕೈಯ ನೆನಪು ಪೂರ್ತಿ ಹಾರಿಹೋಗಿತ್ತು. ಸ್ಟಾಫ್ ರೂಮಿನ ಎದುರಿನ ಕೋಣೆಯಲ್ಲಿ ಮಕ್ಕಳು ಪೆನ್ನು ಹಿಡಿದು ಕುಳಿತಿದ್ದರು. ಹೋದ ಸಲ ಇಡೀ ತರಗತಿ ಕೆಮಿಸ್ಟ್ರಿಯಲ್ಲಿ ಡುಮ್ಕಿ ಹೊಡೆದಿತ್ತು. ಈ ಸಲವೂ ಹಾಗಾದರೆ ಪಾಠ ಬೇರೆಯವರಿಗೆ, ಮೇಷ್ಟರಿಗೆ ಹಳೆ ಪುಸ್ತಕದ ಕೋಣೆಯ ಧೂಳು ಎಂದು ಹೆಡ್‌ಮಾಸ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಮೇಷ್ಟರು ಬೆವರೊರೆಸಿಕೊಂಡು ಓದಿದರು. "ಉಪ್ಪಿನಲ್ಲಿ ಸೋಡಿಯಂನ ಜೊತೆಗಾರ... ಕ್ಲೋರಿನ್. ಕಬ್ಬಿಣಕ್ಕೆ ತುಕ್ಕು ಹಿಡಿಸೋ ಅನಿಲ... ಆಕ್ಸಿಜನ್. ವಜ್ರಕ್ಕೂ ಇದ್ದಿಲಿಗೂ ಮೂಲ... ಕಾರ್ಬನ್. ನೀರಿಗೆ ಬಿದ್ರೆ ನೇರಳೆ ಬೆಂಕಿ..."

"ಸೋಡಿಯಂ!" ಎಂದರು ಗಣಿತದ ಮೇಡಂ, ತಮ್ಮದಲ್ಲದ ವಿಷಯದಲ್ಲಿ ಮಾತ್ರ ಬರುವ ಧೈರ್ಯದಿಂದ.

ಗಾಬರಿಯಲ್ಲಿ ಮೇಷ್ಟರು ಅದನ್ನೂ ನಂಬಿದರು. "ಸಿ ಎಲ್, ಒ, ಸಿ, ಎನ್ ಎ. ಕ್ಲಾಕ್ನಾ!"

"ಯಾವ ಊರ್ರೀ ಅದು?" ಹೆಡ್‌ಮಾಸ್ಟರು ಗುಡುಗಿದರು. "ಈ ಸ್ಟಾಫ್ ರೂಮಲ್ಲಿ ಎಲ್ಲಿದೆ ಹೇಳಿ!"

ಡ್ರಿಲ್ ಮೇಷ್ಟರಿಗೆ ಒಗಟಿನ ತಾಳ್ಮೆ ಇರಲಿಲ್ಲ. ಗುಂಡೆಸೆತದ ಕಬ್ಬಿಣದ ಗುಂಡು ತಂದು ಒಂದೇಟು ಬಿಟ್ಟರು. ಕಪಾಟಿನ ಹಿಡಿಕೆ ಕಿತ್ತು ಬಂತು, ಬೀಗ ಮಾತ್ರ ಮಿಸುಕಲಿಲ್ಲ. ಗುಂಡು ಉರುಳಿ ಹೆಡ್‌ಮಾಸ್ಟರ ಕಾಲ್ಬೆರಳಿನ ಮೇಲೆ ವಿಶ್ರಮಿಸಿತು. ಅವರ ಕೂಗು ಕೇಳಿ ಎದುರಿನ ಕೋಣೆಯ ಕಿಟಕಿಯ ತುಂಬ ತಲೆಗಳೆದ್ದವು.

"ಕೀ ಹುಡುಕ್ತಿದೀರಾ ಸಾರ್?" ಒಬ್ಬ ಹುಡುಗಿ ಕೂಗಿದಳು. "ಗಡಿಯಾರದ ಹಿಂದಿದೆ!"

"ಹೌದು ಸಾರ್, ಗಡಿಯಾರದ ಹಿಂದೆ!" ಎಂದು ಇಡೀ ತರಗತಿ ದನಿಗೂಡಿಸಿತು.

ಮೇಷ್ಟರು ಹಣೆ ಬಡಿದುಕೊಂಡರು. ಸೋಡಿಯಂ ಅಲ್ಲ, ಪೊಟ್ಯಾಸಿಯಂ! ಅದರ ಸಂಕೇತ ಕೆ. ಕ್ಲಾಕ್! ಗೋಡೆ ಗಡಿಯಾರದ ಹಿಂದೆ ಕೈ ಹಾಕಿದರೆ ಬೀಗದ ಕೈ ಸಿಕ್ಕಿತು. ಅವರ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಗೋಡೆಗೆ ಪಾಠ ಹೇಳಿದೆನೆಂದು ಕೊರಗಿದ್ದ ಜೀವ ಅದು. "ಸಾರ್, ನನ್ನ ಮಕ್ಕಳು ಒಗಟು ಬಿಡಿಸಿದಾರೆ!"

"ಹಾಗಾದ್ರೆ ಪ್ರಶ್ನೆಪತ್ರಿಕೇನೂ ನೋಡಿರ್ತಾರೆ," ಹೆಡ್‌ಮಾಸ್ಟರು ಕಾಲ್ಬೆರಳು ನೀವಿಕೊಂಡರು. "ಅದು ರದ್ದು. ಬೇರೆ ಪ್ರಶ್ನೆ ಕೊಡಿ, ಈಗಲೇ."

ಮೇಷ್ಟರಿಗೆ ಸ್ವರ್ಗ ಮೂರೇ ಗೇಣು. ಒಗಟಿನ ಚೀಟಿಯನ್ನು ಕಿತ್ತುಕೊಂಡು ಓಡಿ, ಅದೇ ನಾಲ್ಕು ಪ್ರಶ್ನೆಗಳನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ಒಂದೊಂದಕ್ಕೂ ಇಪ್ಪತ್ತೈದು ಅಂಕ. "ಹೂಂ, ನಿಮಗೆ ಗೊತ್ತಿರೋದೇ. ಬರೀರಿ ಮಕ್ಕಳೇ!"

ಒಂದು ಪೆನ್ನೂ ಅಲುಗಲಿಲ್ಲ.

"ಸಾರ್," ಅದೇ ಹುಡುಗಿ ಮೆಲ್ಲಗೆ ಎದ್ದಳು, "ಇದು ಯಾವ ಪಾಠದಲ್ಲಿತ್ತು?"

"ಅಯ್ಯೋ, ಒಗಟು ಬಿಡಿಸಿದವರು ನೀವೇ ಅಲ್ವೇನಮ್ಮಾ?"

"ಯಾವ ಒಗಟು ಸಾರ್? ಮೊನ್ನೆ ನೀವು ಸ್ಟೂಲ್ ಹತ್ತಿ ಅಲ್ಲಿ ಕೀ ಇಟ್ರಲ್ಲ, ಈ ಕಿಟಕಿಯಿಂದ ಎಲ್ಲಾ ಕಾಣ್ತಿತ್ತು. ಬಿದ್ದುಬಿಡ್ತೀರೇನೋ ಅಂತ ನಾವು ಉಸಿರು ಬಿಗಿಹಿಡ್ಕೊಂಡು ನೋಡ್ತಿದ್ವಿ."

"ಮತ್ತೆ... ಕಪಾಟು ತೆಗೆದು ಪೇಪರ್ ನೋಡ್ಲಿಲ್ವಾ?"

"ಯಾಕೆ ಸಾರ್ ನೋಡೋದು?" ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನೋಡಿದ್ರೂ ಉತ್ತರ ಗೊತ್ತಿರ್ಬೇಕಲ್ಲ!"

ಬಾಗಿಲಲ್ಲಿ ಹೆಡ್‌ಮಾಸ್ಟರು ನಿಂತಿದ್ದರು. ಕುಂಟುತ್ತ ಒಳಗೆ ಬಂದು, ಹಳೆ ಪುಸ್ತಕದ ಕೋಣೆಯ ಬೀಗದ ಕೈಯನ್ನು ಮೇಷ್ಟರ ಅಂಗೈಯಲ್ಲಿಟ್ಟರು.

"ಇದನ್ನಾದ್ರೂ," ಎಂದರು, "ಜೇಬಲ್ಲಿ ಇಟ್ಕೊಳ್ಳಿ."