ಸ್ಪ್ಯಾಮಿಗೆ ಉತ್ತರ ಬರೆಯುವ ಮಾವ

ಇಮೇಲಿನಲ್ಲಿ ಬರುವ ಕಸಕ್ಕೆಲ್ಲ ಕೈಮುಗಿದು ಉತ್ತರ ಬರೆಯುವ ಮನುಷ್ಯ ಭೂಮಿಯ ಮೇಲೆ ಒಬ್ಬರೇ ಇದ್ದಾರೆ, ಅವರು ನನ್ನ ಸೋದರಮಾವ. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತಾರೆ. ನಂಬಿಕೆ ಬರದಿದ್ದರೆ ನೀವೇ ಒಂದು ಮೇಲ್ ಹಾಕಿ ನೋಡಿ. ವಿಳಾಸ ಬೇಕೇ? ನೀವು ತೊಟ್ಟ ಪ್ಯಾಂಟಿನ ಸೊಂಟಪಟ್ಟಿಯ ಒಳಗೇ ಇದ್ದರೂ ಇರಬಹುದು! ತಾವು ಹೊಲಿದ ಒಂದೊಂದು ಪ್ಯಾಂಟಿಗೂ ತಮ್ಮ ಇಮೇಲ್ ವಿಳಾಸದ ಲೇಬಲ್ ಹಚ್ಚಿ ಕಳಿಸಿದ ಪುಣ್ಯಾತ್ಮರು ಅವರು. "ಪ್ಯಾಂಟು ಹರಿದ್ರ ಅವ್ರು ಯಾರಿಗೆ ಹೇಳ್ಬೇಕು?" ಎಂಬುದು ಅವರ ವಾದ. ಇದುವರೆಗೆ ಪ್ಯಾಂಟು ಹರಿದವರು ಒಬ್ಬರೂ ಬರೆದಿಲ್ಲ, ಮಿಕ್ಕವರೆಲ್ಲ ಬರೆದಿದ್ದಾರೆ.

ಹೋದ ತಿಂಗಳು ಅತ್ತೆಯ ಫೋನು ಬಂತು. ಅವರ ಕತ್ತಿನಲ್ಲಿ ಗಂಟೊಂದು ಕಂಡು, ಬಳ್ಳಾರಿಯ ಡಾಕ್ಟರು ಅದರ ಚೂರು ತೆಗೆದು ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿದ್ದರು. ವರದಿ ಮಾವನ ಇಮೇಲಿಗೆ ಬರಬೇಕು. ಲ್ಯಾಬಿನವರು ಕಳಿಸಿದ್ದು, ಮೇಲ್ ಡಬ್ಬಿ ತುಂಬಿದೆ ಎಂದು ವಾಪಸು ಹೋಗಿತ್ತು.

"ಜಾಗ ಮಾಡ್ರಿ, ಮತ್ತ ಕಳಸ್ತೀವಿ ಅಂದಾರವ್ವ. ನೀ ಬಂದು ಮಾಡಿಕೊಡು. ನಿಮ್ಮವ್ವಗೂ ಹೇಳಬ್ಯಾಡ. ಊರಾಗ ಒಬ್ಬರಿಗೂ ಗೊತ್ತಾಗೋದು ಬ್ಯಾಡ" ಎಂದರು ಅತ್ತೆ. ನಾನು ಮಡಕಶಿರದ ಕಚೇರಿಯೊಂದರಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳು. ರಜೆ ಹಾಕಿ ಬಸ್ಸು ಹತ್ತಿದೆ.

ಮಾವನ ಫೋನು ತೆಗೆದು ನೋಡುತ್ತೇನೆ, ಅದು ಮೇಲ್ ಡಬ್ಬಿಯೋ ಸಂತೆಯೋ! ಸಾಲದ ಆಸೆ ತೋರಿಸುವವರು, ಮಂಡಿನೋವಿನ ಎಣ್ಣೆಯವರು, ನಾಳೆಯೇ ದುಬೈಗೆ ಕಳಿಸುವವರು. ಪ್ರತಿಯೊಬ್ಬರಿಗೂ ಮಾವ ಕನ್ನಡದಲ್ಲಿ ಉತ್ತರ ಬರೆದಿದ್ದಾರೆ. ಕೂದಲು ಬೆಳೆಸುವ ಔಷಧದವರಿಗೆ ಬರೆದದ್ದು ಹೀಗೆ: "ನನಗ ಕೂದ್ಲ ದಟ್ಟ ಅದಾವ್ರಿ. ನಮ್ಮ ತಂಗಿ ಗಂಡನ ತಲಿ ಮಾತ್ರ ಬಯಲಾಗೈತಿ. ಅವ್ರ ವಿಳಾಸ ಕೆಳಗ ಕೊಟ್ಟೀನಿ." ಆ ತಂಗಿಯ ಗಂಡ ಅಂದರೆ ನಮ್ಮಪ್ಪ. ಎರಡು ವರ್ಷದಿಂದ ಅಪ್ಪನಿಗೆ ದಿನಕ್ಕೆ ನಾಲ್ಕು ಸಲ ಬೋಳುತಲೆಯ ಮೇಲ್ ಯಾಕೆ ಬರುತ್ತಿದೆ ಎಂದು ನನಗೆ ಆವತ್ತು ತಿಳಿಯಿತು.

ಬೇಡವಾದವರಿಗೂ ಉತ್ತರದ ಕೊನೆಗೆ ಒಂದೇ ಮಾತು: "ಸದ್ಯಕ್ಕ ಬ್ಯಾಡ್ರಿ. ಹೋಗಿ ಬರ್ರಿ."

"ಮಾವ, ಹೋಗಿ ಬರ್ರಿ ಅಂದ್ರೆ ಬರ್ದೆ ಇರ್ತಾರಾ? ಹೋಗಿ ಅಂತ ಬರೆದ್ರೆ ಸಾಕಾಗಿತ್ತು."

"ಬರೇ ಹೋಗ್ರಿ ಅನ್ನಾಕ ಆಕ್ಕೈತೇನವ್ವಾ? ಅದು ಹೆಣಕ್ಕ ಹೇಳೋ ಮಾತು."

ಒಳಗಿನಿಂದ ಅತ್ತೆ, "ಈಯನಕಿ ವೇರೇ ಪನಿ ಲೇದು", ಇವರಿಗೆ ಬೇರೆ ಕೆಲಸವೇ ಇಲ್ಲ, ಎಂದರು. ಸಿಟ್ಟು ಬಂದರೆ ಅತ್ತೆಗೆ ತೆಲುಗೇ ಬೇಕು.

ನಾನು ಪಾಠ ಶುರು ಮಾಡಿದೆ. ಗೊತ್ತಿರುವ ಅಂಗಡಿಯ ಇಮೇಲಾದರೆ ಅದರ ಅಡಿಯಲ್ಲಿ ಅನ್‌ಸಬ್‌ಸ್ಕ್ರೈಬ್ ಅಂತಿರುತ್ತದೆ, ಅದನ್ನು ಒತ್ತಬೇಕು. ಗೊತ್ತಿಲ್ಲದವರದಾದರೆ ಅದನ್ನೂ ಒತ್ತಬಾರದು, ಒಳಗಿನ ಲಿಂಕ್ ಮುಟ್ಟಬಾರದು, ಸ್ಪ್ಯಾಮ್ ಎಂದು ಗುರುತು ಹಾಕಿ ಬ್ಲಾಕ್ ಮಾಡಬೇಕು. ವ್ಯಾಪಾರಕ್ಕೆ ಬೇರೆ ವಿಳಾಸ, ಮನೆಗೆ ಬೇರೆ ವಿಳಾಸ ಇಟ್ಟುಕೊಳ್ಳಬೇಕು. "ಎಲ್ಲಕ್ಕಿಂತ ಮೊದ್ಲು ಉತ್ತರ ಬರೆಯೋದು ನಿಲ್ಸಿ ಮಾವ. ಬರೆದ್ರೆ ಈ ಮನೇಲಿ ಜನ ಅವ್ರೆ ಅಂತ ಅವ್ರಿಗೆ ಗೊತ್ತಾಯ್ತದೆ."

"ಅದೀವಲ್ಲ?" ಎಂದರು ಮಾವ.

ಸಾವಿರಾರು ಮೇಲ್ ಅಳಿಸಿದೆ, ನೂರಾರು ಜನರನ್ನು ಬ್ಲಾಕ್ ಮಾಡಿದೆ. ಆರೋಗ್ಯ, ತಪಾಸಣೆ ಎಂಬ ಪದಗಳಿರುವ ಮೇಲುಗಳೆಲ್ಲ ನೇರ ಸ್ಪ್ಯಾಮಿಗೆ ಹೋಗುವಂತೆ ಫಿಲ್ಟರ್ ಹಾಕಿದೆ. ಎಣ್ಣೆಯವರ ಕಾಟ ತಪ್ಪಿತೆಂದು ಬೀಗುತ್ತ ಕುಳಿತೆ. ಲ್ಯಾಬಿನವರು ಕಳಿಸಿದ್ದೇವೆ ಎಂದರು. ಒಂದು ತಾಸು ಕಾದೆವು, ಎರಡು ತಾಸು ಕಾದೆವು, ಡಬ್ಬಿ ಖಾಲಿ. ಅತ್ತೆ ಒಂದೇ ಲೋಟವನ್ನು ಮೂರು ಸಲ ತೊಳೆದರು.

ಮಾವ ಮೆಲ್ಲಗೆ ಫೋನು ಈಸಿಕೊಂಡು ಸ್ಪ್ಯಾಮಿನ ಕಡೆ ಇಣುಕಿದರು. "ಇಲ್ಲಿ ಹೊಸಬರು ಯಾರೋ ಬಂದಾರ ನೋಡವ್ವ."

ವರದಿ ಅಲ್ಲಿತ್ತು! ಕಂಪ್ಯೂಟರ್ ಬಲ್ಲವಳ ಫಿಲ್ಟರ್ ಅದನ್ನು ಎಣ್ಣೆಯವರ ಜೊತೆ ತಳ್ಳಿತ್ತು. ನಾಚಿಕೆ ಪಡಲೂ ಪುರಸೊತ್ತಿಲ್ಲದೆ ತೆರೆದು ಓದಿದೆ. ಗಂಟು ಕೆಟ್ಟದ್ದಲ್ಲ. ಕೂಡಲೇ ಬಳ್ಳಾರಿಯ ಡಾಕ್ಟರಿಗೂ ಕಳಿಸಿ ಕೇಳಿದೆವು, ಹೆದರುವಂಥದ್ದು ಏನೂ ಇಲ್ಲ ಎಂದರು. "ನಾ ಹೇಳ್ಲಿಲ್ಲೇನು" ಎನ್ನುತ್ತ ಅತ್ತೆ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಅತ್ತರು.

ಮಾವ ನನ್ನ ಪಕ್ಕ ಬಂದು ಕುಳಿತು ದನಿ ತಗ್ಗಿಸಿದರು. "ನೀ ಬ್ಲಾಕ್ ಮಾಡಿದೋರಾಗ ಒಬ್ಬ ಹೆಣ್ಮಗಳು ಅದಾಳ. ಆಕಿದೊಂದು ತೆಗೆದುಕೊಡು."

ಅವಳ ಮೇಲ್ ತೆರೆದು ನೋಡಿದೆ. ಎಲ್ಲರಿಗೂ ಬರುವ ಹಳೇ ಮೋಸದ ಕಾಗದವದು. ಯಾವುದೋ ದೇಶದ ಹೆಂಗಸು, ಗಂಡ ಇಲ್ಲ, ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಳೆ, ಆಸ್ತಿಯೆಲ್ಲ ನಿಮಗೇ ಎನ್ನುತ್ತಾಳೆ. ಮಾವ ಆಸ್ತಿಯ ಸುದ್ದಿಯನ್ನೇ ಎತ್ತಿರಲಿಲ್ಲ. "ಊಟ ಸೇರ್ತೈತೇನಮ್ಮ? ನಮ್ಮಾಕಿಗೂ ಒಂದು ಗಂಟು ಕಂಡೈತಿ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಯಾಳ. ನನಗ ಒಬ್ಬಗ ತಡಕೊಳ್ಳಾಕ ಆಗವಲ್ದು. ನೀವು ದೂರದೋರು ಅಂತ ನಿಮಗಷ್ಟ ಹೇಳಾಕತ್ತೀನಿ" ಎಂದು ಬರೆದಿದ್ದರು.

ಅಂಥ ಹೆಂಗಸೇ ಇಲ್ಲ ಮಾವ ಎನ್ನಲು ನನಗೆ ಬಾಯಿ ಬರಲಿಲ್ಲ. ಬ್ಲಾಕ್ ತೆಗೆದು ಫೋನು ಅವರ ಕೈಗೆ ಕೊಟ್ಟೆ. ಮಾವ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. "ನಮ್ಮಾಕಿ ಆರಾಮದಾಳಮ್ಮ. ನಿಮಗೂ ಆರಾಮ ಆಕ್ಕೈತಿ. ಧೈರ್ಯಗೆಡಬ್ಯಾಡ್ರಿ."

"ತಪ್ಪೇನರ ಐತೇನು ನೋಡವ್ವ" ಎಂದು ಫೋನು ನನ್ನ ಮುಂದೆ ಹಿಡಿದರು. ನನ್ನ ಕಣ್ಣಿಗೆ ಅಕ್ಷರ ಯಾವುದೂ ಕಾಣುತ್ತಿರಲಿಲ್ಲ. ತಪ್ಪಿಲ್ಲ ಮಾವ, ಕಳಿಸಿ ಅಂದೆ.