ಊಟವಾದ ಮೇಲಿನ ಪ್ರಾರ್ಥನೆ

ಕಚೇರಿಯೊಳಗೆ ಯಾರೂ ಪೂಜೆ, ಪ್ರಾರ್ಥನೆ, ಜಪ ಮಾಡಕೂಡದೆಂದು ಸರ್ಕಾರದ ಸುತ್ತೋಲೆ ಬಂದಾಗ ನೀರು ಸರಬರಾಜು ಕಚೇರಿಯಲ್ಲಿ ನಿಶ್ಚಿಂತೆಯಿಂದಿದ್ದವನು ಒಬ್ಬನೇ ಒಬ್ಬ ಗುಮಾಸ್ತ. ದೇವರ ಗೊಡವೆಗೆ ಅವನು ಎಂದೂ ಹೋದವನಲ್ಲ. ಅವನಿಗೆ ಬೇಕಾಗಿದ್ದುದು ನಿದ್ದೆ. ಮನೆಯಲ್ಲಿ ಅವಳಿ ಕೂಸುಗಳು. ಒಂದು ಮಲಗಿದರೆ ಇನ್ನೊಂದು ಏಳುತ್ತಿತ್ತು. ಪಾಪ, ಗಂಡ ಹೆಂಡತಿ ನೆಮ್ಮದಿಯಾಗಿ ಕಣ್ಣು ಮುಚ್ಚಿ ತಿಂಗಳುಗಳಾಗಿದ್ದವು. ಹಾಗಾಗಿ ಊಟವಾದ ಮೇಲೆ ಕಡತವೊಂದನ್ನು ಮುಂದಿಟ್ಟುಕೊಂಡು, ಬೆರಳು ಹೆಣೆದು ಗಲ್ಲಕ್ಕೆ ಆನಿಸಿ, ಕೂತಲ್ಲೇ ನಿದ್ದೆ ತೆಗೆಯುವ ವಿದ್ಯೆಯನ್ನು ಅವನು ಕರಗತ ಮಾಡಿಕೊಂಡಿದ್ದ.

ಅಂದು ತಪಾಸಣೆಗೆ ಹೊರಟ ಸಾಹೇಬರು ಅವನ ಮೇಜಿನ ಮುಂದೆಯೇ ನಿಂತುಬಿಟ್ಟರು. ಬಾಗಿದ ತಲೆ, ಜೋಡಿಸಿದ ಕೈ, ಮೆಲ್ಲಗೆ ಅಲುಗುವ ತುಟಿ.

"ಏನ್ರೀ ಇದು, ಪ್ರಾರ್ಥನೆ? ಸುತ್ತೋಲೆ ಓದಿಲ್ವಾ? ಸಂಜೆ ನನ್ನ ರೂಮಿಗೆ ಬನ್ನಿ!"

ಸಾಹೇಬರು ಅತ್ತ ಹೋದದ್ದೇ ಗುಮಾಸ್ತ ಹೆಡ್ ಕ್ಲರ್ಕ್ ಬಳಿಗೆ ಓಡಿದ. "ನಿದ್ದೆ ಮಾಡ್ತಿದ್ದೆ ಅಂತ ನಿಜಾನೇ ಹೇಳ್ಬಿಡ್ತೀನಿ," ಎಂದ.

"ಬಾಯ್ಮುಚ್ಚೋ!" ಹೆಡ್ ಕ್ಲರ್ಕ್ ಗದರಿದರು. "ಡ್ಯೂಟೀಲಿ ನಿದ್ದೆ ಅಂದ್ರೆ ಕೆಲಸಾನೇ ಹೋಗುತ್ತೆ. ಪ್ರಾರ್ಥನೆ ಆದ್ರೆ ಮೊದಲ ಸಲ ಬರೀ ಎಚ್ಚರಿಕೆ. ಸುಮ್ನೆ ಭಕ್ತ ಆಗ್ಬಿಡು."

"ಯಾವ ಧರ್ಮದ್ದು ಅಂತ ಕೇಳಿದ್ರೆ?"

"ಹಾಗೆ ಕೇಳೋ ಹಾಗಿಲ್ಲಪ್ಪ, ಅದೂ ಸುತ್ತೋಲೇಲೇ ಇದೆ."

ಚಹಾದ ಹೊತ್ತಿಗೆ ಸುದ್ದಿ ಕಚೇರಿಯನ್ನೆಲ್ಲ ಸುತ್ತಿಬಂದಿತ್ತು. ಸರ್ಕಾರಕ್ಕೇ ಹೆದರದ ಮಹಾನುಭಾವನನ್ನು ನೋಡಲು ಮೇಲಿನ ಮಹಡಿಯಿಂದಲೂ ಜನ ಇಳಿದು ಬಂದರು. ಅವನು ನಮ್ಮವನು, ಅಲ್ಲ ನಮ್ಮವನು ಎಂದು ಎರಡು ಧರ್ಮದವರ ನಡುವೆ ಮಾತಿಗೆ ಮಾತೂ ಬೆಳೆಯಿತು. ಟೈಪಿಸ್ಟ್ ಅಕ್ಕ ತಮ್ಮ ಮಂಡಿನೋವನ್ನೂ ದೇವರಿಗೆ ತಿಳಿಸಲು ಹೇಳಿ, ಅದಕ್ಕೆಂದೇ ತಮ್ಮ ದೇವರ ಪ್ರಾರ್ಥನೆಯ ನಾಲ್ಕು ಸಾಲು ಕಲಿಸಲು ಕೂತರು.

"ಮೊದ್ಲು ಕಣ್ಮುಚ್ಚು ತಮ್ಮಾ."

ಮುಚ್ಚಿದ. ಎರಡನೇ ಸಾಲಿಗೆ ಗೊರಕೆ ಕೇಳಿತು.

"ಅಬ್ಬಾ, ಏನು ತಲ್ಲೀನತೆ!" ಎಂದು ಅಕ್ಕ ಕಣ್ಣೊರೆಸಿಕೊಂಡರು.

ಸಂಜೆ ಅವನು ಸಾಹೇಬರ ರೂಮಿಗೆ ಹೋಗಿ ಮೇಜಿನ ಮುಂದೆ ನಿಂತ.

"ದಿನಾ ಮಾಡ್ತೀರಾ?"

"ದಿನಾ ಮಾಡ್ತೀನಿ ಸಾರ್. ಅದಿಲ್ದೆ ಬದುಕೋಕೇ ಆಗಲ್ಲ." ಅವನ ಜೀವನದಲ್ಲೇ ಅಷ್ಟು ಮನಸಾರೆ ಆಡಿದ ಮಾತು ಇನ್ನೊಂದಿರಲಿಲ್ಲ.

ಸಾಹೇಬರು ಎದ್ದು ಹೋಗಿ ಬಾಗಿಲ ಚಿಲಕ ಹಾಕಿದರು. ತಿರುಗಿದಾಗ ಅವರ ಕಣ್ಣು ತುಂಬಿತ್ತು.

"ಆ ಸುತ್ತೋಲೆಗೆ ಸಹಿ ಹಾಕಿ ಹಂಚಿದವನೇ ನಾನು ಕಣ್ರೀ. ಅವತ್ತಿಂದ ದೇವರ ಹೆಸರು ಹೇಳೋಕೂ ಭಯ. ನಿಮಗಿರೋ ಧೈರ್ಯ ನನಗಿಲ್ಲ. ನಿಮ್ಮ ಮೇಲೆ ಯಾವ ಕ್ರಮಾನೂ ಇಲ್ಲ, ಹೋಗಿ."

ಕೆಲಸ ಉಳಿಯಿತು! ಹೋದ ಜೀವ ಬಂದಂತಾಗಿ ಗುಮಾಸ್ತ ಕೈಮುಗಿದು ಹೊರಟ.

"ನಿಲ್ಲಿ. ನಾಳೆಯಿಂದ ಊಟ ಆದ ಕೂಡ್ಲೇ ಇಲ್ಲಿಗೇ ಬಂದ್ಬಿಡಿ. ಯಾರಿಗೂ ಗೊತ್ತಾಗೋದು ಬೇಡ. ದಿನಾ ಆ ಹೊತ್ತಲ್ಲಿ ಇಬ್ರೂ ಸೇರಿ ಪ್ರಾರ್ಥನೆ ಮಾಡೋಣ. ನೀವು ಹೇಳಿಕೊಡಿ, ನಾನು ಹೇಳ್ತೀನಿ."

ಗುಮಾಸ್ತ ಬಾಗಿಲಲ್ಲೇ ತಿರುಗಿ ನಿಂತ. ಕೊನೆಯ ಆಸೆಯಿಂದ ಕೇಳಿದ, "ಕೂತ್ಕೊಂಡು, ಕಣ್ಮುಚ್ಕೊಂಡೇ ತಾನೇ ಸಾರ್?"

"ಛೆ ಛೆ, ದೇವರೆದುರು ಕೂರೋದುಂಟೇನ್ರೀ? ನಿಂತ್ಕೊಂಡೇ. ಕಣ್ಣೂ ತೆಗ್ದೇ ಇರಬೇಕು. ಯಾರಾದ್ರೂ ಬಂದ್ಬಿಟ್ರೆ?"